ವಿಷ್ಣುಕ್ರಾಂತಿಯ ಮೇಲಿನ ಹನಿ

ಕಳೆದ ತಿಂಗಳು ಮೊಮ್ಮಗಳ ಜೊತೆ ರಾಜಾಜಿನಗರಕ್ಕೆ ಹೋಗಿದ್ದೆ. ಅವಳಿಗೆ ಕನ್ನಡಕ ಬದಲಿಸಬೇಕಿತ್ತು, ನನಗೆ ಸುಮ್ಮನೆ ಓಡಾಡಿ ಬರುವ ಆಸೆ. ಅಂಗಡಿಯ ಮುಂದೆ ಗೋಬಿ ಮಂಚೂರಿ ಗಾಡಿಯವನೊಬ್ಬ ಕಾದ ಬಾಣಲೆಗೆ ಒಂದಿಷ್ಟು ವಿನೆಗರ್ ಸುರಿದ. ಹುಳಿ ಹೊಗೆ ಮೂಗಿಗೆ ಬಡಿದದ್ದೇ ತಡ, ನಾನು ನಿಂತಲ್ಲೇ ನಿಂತುಬಿಟ್ಟೆ.

"ಏನಾಯ್ತಜ್ಜಿ, ತಲೆ ಸುತ್ತುತ್ತಾ ಇದೆಯಾ?" ಅಂದಳು ಮೊಮ್ಮಗಳು.

"ಇಲ್ಲ ಕಣೇ, ಏನೋ ವಾಸನೆ" ಅಂದೆ. ಅವಳು ಗೋಬಿಯ ವಾಸನೆ ಅಂದುಕೊಂಡಳು. ನನಗೆ ಬಂದದ್ದು ಕಮಲಾಬಾಯಿ ಮೇಡಂ ಬಚ್ಚಲುಮನೆಯ ವಾಸನೆ. ಫೋಟೋ ತೊಳೆಯುವಾಗ ಬಳಸುವ ಆಮ್ಲಕ್ಕೂ ವಿನೆಗರಿಗೂ ಒಂದೇ ವಾಸನೆ. ಐವತ್ತರ ದಶಕದ ನಡುವೆ ಒಂದು ಚಳಿಗಾಲವಿಡೀ ಭಾನುವಾರ ಮಧ್ಯಾಹ್ನಗಳನ್ನು ನಾನು ಕಿಟಕಿ ಮುಚ್ಚಿ ಕತ್ತಲೆ ಮಾಡಿದ ಆ ಬಚ್ಚಲುಮನೆಯಲ್ಲಿ ಕಳೆದಿದ್ದೆ.

ಆಗ ನನಗೆ ಹತ್ತೊಂಬತ್ತು. ಇಂಟರ್‌ಮೀಡಿಯೆಟ್ ಮುಗಿಸಿ ಮನೆಯಲ್ಲಿ ಕೂತಿದ್ದೆ. ಅಪ್ಪ ಕಾರ್ಖಾನೆಯೊಂದರಲ್ಲಿ ಗುಮಾಸ್ತರು, ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗಿಬರುತ್ತಿದ್ದರು. ಹಿಂದಿನ ವರ್ಷವಷ್ಟೇ ನಾವು ಚಾಮರಾಜಪೇಟೆಯ ವಠಾರ ಬಿಟ್ಟು ರಾಜಾಜಿನಗರದ ಹೊಸ ಮನೆಗೆ ಬಂದಿದ್ದೆವು. ಬಡಾವಣೆ ಅನ್ನುವುದಕ್ಕೆ ಅಲ್ಲಿ ಇನ್ನೂ ಗೆರೆಗಳಷ್ಟೇ ಇದ್ದವು. ಕಲ್ಲು ನೆಟ್ಟು ಗುರುತು ಮಾಡಿದ ಸೈಟುಗಳು, ಒಂದೇ ಅಚ್ಚಿನಲ್ಲಿ ತೆಗೆದಂಥ ಮನೆಗಳ ಸಾಲು, ಕೆಮ್ಮಣ್ಣಿನ ರಸ್ತೆ. ನೆರಳಿಗೆ ಒಂದು ಮರವಿಲ್ಲ. ಕೊನೆಯ ಸಾಲು ದಾಟಿದರೆ ಕೇತಮಾರನಹಳ್ಳಿಯವರ ರಾಗಿ ಹೊಲ. ಈಗ ಬಸವೇಶ್ವರನಗರ ಅನ್ನುವ ಕಡೆಯಿಂದ ಬೆಳಿಗ್ಗೆ ದನಗಳ ಕೊರಳ ಗಂಟೆ ಕೇಳುತ್ತಿತ್ತು. ಅದರ ಹಿಂದೆಯೇ ಕಾರ್ಖಾನೆಯ ಸೈರನ್ನು.

ಅಮ್ಮ ಹಿತ್ತಲಿನಲ್ಲಿ ಕೊತ್ತಂಬರಿ ಚೆಲ್ಲಿದ್ದಳು. ಮಳೆ ನಿಂತ ಮೇಲೆ ಅದು ಬಲಿತು ಹೂ ಬಿಟ್ಟುಬಿಟ್ಟಿತು. ಇನ್ನು ಸಾರಿಗೆ ಬರುವುದಿಲ್ಲ, ಕಿತ್ತುಹಾಕು ಅಂದಳು. ನಾನು ಬಗ್ಗಿ ಮೊದಲ ಗಿಡಕ್ಕೆ ಕೈ ಹಾಕಿದ್ದೆ, ಬೇಲಿಯ ಆಚೆಯಿಂದ ಒಂದು ದನಿ ಬಂತು.

"ಕೀಳಬೇಡ, ಸ್ವಲ್ಪ ತಡಿ. ಅದನ್ನ ಒಂದು ಸಲ ನೋಡಬೇಕು ನಾನು."

ಅವರೇ ಕಮಲಾಬಾಯಿ ಮೇಡಂ. ನಮ್ಮ ಮನೆಯಿಂದ ಮೂರನೆಯ ಮನೆಯಲ್ಲಿ ಕಿವಿ ಕೇಳದ, ಕಣ್ಣೂ ಮಂಜಾದ ತಾಯಿಯ ಜೊತೆ ಇದ್ದರು. ಹುಡುಗಿಯರ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ನಲವತ್ತರ ಹತ್ತಿರ ವಯಸ್ಸು, ಮದುವೆಯಾಗಿರಲಿಲ್ಲ. ಬೀದಿಯ ಹೆಂಗಸರು ಅವರ ಮುಂದೆ ದನಿ ತಗ್ಗಿಸಿ ಮಾತಾಡುತ್ತಿದ್ದರು. ಹತ್ತು ನಿಮಿಷದಲ್ಲಿ ಅವರು ಮೂರು ಕಾಲಿನ ಸ್ಟ್ಯಾಂಡು, ಒಂದು ಮರದ ಕ್ಯಾಮೆರಾ, ಒಂದು ಕಪ್ಪು ಬಟ್ಟೆ ಹೊತ್ತು ನಮ್ಮ ಹಿತ್ತಲಿಗೆ ಬಂದರು. ಬೊಂಬಾಯಿಗೆ ಹೋಗಿ ನೆಲೆಸಿದ ಅವರ ಅಣ್ಣ ಬಿಟ್ಟುಹೋದ ಕ್ಯಾಮೆರಾ ಅದು. ಮುಂದಿನ ಭಾಗ ಹಾರ್ಮೋನಿಯಂ ತಿದಿಯ ಹಾಗೆ ಉದ್ದಕ್ಕೆ ಎಳೆದುಕೊಳ್ಳುತ್ತಿತ್ತು. ಎಷ್ಟು ಎಳೆದರೆ ಅಷ್ಟು ಹತ್ತಿರದ ವಸ್ತು ಕಾಣಿಸುತ್ತದೆ.

"ಬಾ, ನೋಡು" ಅಂದರು. ಬಟ್ಟೆಯೊಳಗೆ ತಲೆ ತೂರಿಸಿದೆ. ಹಿಂದಿನ ಮಸುಕು ಗಾಜಿನ ಮೇಲೆ ಕೊತ್ತಂಬರಿ ಹೂವು ತಲೆಕೆಳಗಾಗಿ ನಿಂತಿತ್ತು. ಅಂಗೈಯಲ್ಲಿಟ್ಟರೆ ಹಿಟ್ಟಿನ ಚೂರಿನಂತೆ ಕಾಣುವ ಹೂವು. ಗೊಂಚಲಿನ ಅಂಚಿನ ಹೂಗಳಿಗೆ ಮಾತ್ರ ಹೊರಗಡೆಯ ಎಸಳು ದೊಡ್ಡದು, ಒಳಗಡೆಯದು ಚಿಕ್ಕದು. ಹುಟ್ಟಿದಾಗಿನಿಂದ ಕೊತ್ತಂಬರಿ ತಿಂದವಳು ಅದನ್ನು ಆವತ್ತು ಮೊದಲ ಸಲ ನೋಡಿದೆ.

"ಹೊರಗಿನ ಎಸಳು ಯಾಕೆ ಮೇಡಂ ದೊಡ್ಡದು?"

ಅವರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು. "ಎಷ್ಟು ಜನಕ್ಕೆ ತೋರಿಸಿದೀನಿ ಗೊತ್ತಾ? ಯಾರೂ ಇದನ್ನ ಕೇಳಿರಲಿಲ್ಲ" ಅಂದರು.

ಅಷ್ಟು ಸಾಕಾಯಿತು. ಮರುದಿನದಿಂದ ನಾನು ಅವರ ಹಿಂದೆಯೇ.

ತುಂಬೆ, ಗೋರಂಟೆ, ಕಾಮಕಸ್ತೂರಿ, ತುಳಸಿಯ ತೆನೆ, ಹತ್ತು ಗಂಟೆ ಹೂವು, ಹೀಗೆ ಬಡಾವಣೆಯ ಹಿತ್ತಲುಗಳಲ್ಲಿದ್ದ ಸಣ್ಣ ಹೂಗಳನ್ನೆಲ್ಲ ಹುಡುಕಿಕೊಂಡು ಹೋಗುತ್ತಿದ್ದೆವು. ಗುಲಾಬಿ, ಡೇರೆ ಹೂಗಳ ಕಡೆ ಮೇಡಂ ತಿರುಗಿಯೂ ನೋಡುತ್ತಿರಲಿಲ್ಲ. ಹೂವು ನಿಜವಾಗಿ ಎಷ್ಟಿದೆಯೋ ಅಷ್ಟೇ ದೊಡ್ಡದಾಗಿ, ಫಿಲ್ಮಿನ ಬದಲು ಹಾಕುವ ಗಾಜಿನ ತಟ್ಟೆಯ ಮೇಲೆ ಬರಬೇಕು, ಆಮೇಲೆ ಅದನ್ನು ಹಿಗ್ಗಿಸಿ ಮುದ್ರಿಸಬೇಕು. ಅಷ್ಟು ಹತ್ತಿರ ಹೋದರೆ ಉಸಿರು ತಾಕಿದರೂ ಹೂವು ಬಿರುಗಾಳಿಗೆ ಸಿಕ್ಕಿದಂತೆ ಅಲ್ಲಾಡುತ್ತದೆ. ಬೆಳಕು ಸಾಲದೆ ಮೂರು ನಾಲ್ಕು ಸೆಕೆಂಡು ತೆರೆದಿಡಬೇಕು. ಗಾಳಿ ತಡೆಯಲು ನಾಲ್ಕು ಕಡ್ಡಿ ನೆಟ್ಟು ಅಪ್ಪನ ಹಳೆಯ ಪಂಚೆ ಸುತ್ತುತ್ತಿದ್ದೆ. ಮೇಡಂ ಕೈ ಸ್ವಲ್ಪ ನಡುಗುತ್ತಿತ್ತು, ನನ್ನದು ನಡುಗುತ್ತಿರಲಿಲ್ಲ. ಒಂದು ತಿಂಗಳು ಕಳೆಯುವಷ್ಟರಲ್ಲಿ ಶಟರ್ ಒತ್ತುವ ಕೆಲಸ ನನ್ನದಾಯಿತು.

ಅವರದು ಒಂದೇ ನಿಯಮ. ಕೀಳಬಾರದು, ಕಟ್ಟಬಾರದು, ನೀರು ಚಿಮುಕಿಸಬಾರದು. ಒಮ್ಮೆ ತುಂಬೆಯ ಪಕ್ಕದ ಒಣ ಎಲೆಯೊಂದನ್ನು ನಾನು ಕಡ್ಡಿಯಿಂದ ಸರಿಸಿದೆ. ಮೇಡಂ ಕ್ಯಾಮೆರಾ ಮಡಚಿಬಿಟ್ಟರು.

"ನಾವು ಹೂವಿನ ಮನೆಗೆ ಬಂದಿರೋರು ಕಣೇ. ಅಲ್ಲಿನ ಸಾಮಾನು ನಾವು ಜರುಗಿಸಬಾರದು. ನಡಿ, ಇವತ್ತು ಸಾಕು."

ಆ ದಿನ ಮನೆಗೆ ಬಂದು ಅತ್ತಿದ್ದೆ. ಆದರೆ ಆ ಮಾತಿಗಾಗಿಯೇ ಅವರನ್ನು ಇನ್ನಷ್ಟು ನಂಬಿದೆ. ನಮ್ಮ ಮನೆಯಲ್ಲಿ ಹೆಣ್ಣುಮಗಳಿಗೆ ನಿಜ ಸುಳ್ಳಿನ ಬಗ್ಗೆ ಅಷ್ಟು ನಿಷ್ಠುರವಾಗಿ ಯಾರೂ ಮಾತಾಡಿರಲಿಲ್ಲ. ಮಾತಾಡುತ್ತಿದ್ದದ್ದೆಲ್ಲ ಸೀರೆಯ ಸೆರಗಿನ ಬಗ್ಗೆ.

ಬಿ.ಎಸ್ಸಿ. ಓದುವ ನನ್ನ ಆಸೆಯನ್ನು ಅಪ್ಪನಿಗೆ ಹೇಳಿದವರೂ ಮೇಡಂ. ನಮ್ಮ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತ ಹೇಳಿದರು. "ಕಾಲೇಜಿನ ಪ್ರಿನ್ಸಿಪಾಲರು ನನಗೆ ಗೊತ್ತು, ನಾನೇ ಕಾಗದ ಬರೆದುಕೊಡ್ತೀನಿ. ಬೆಳಿಗ್ಗೆ ನನ್ನ ಜೊತೆ ಬಸ್ಸಲ್ಲಿ ಬರ್ತಾಳೆ, ಸಾಯಂಕಾಲ ನನ್ನ ಜೊತೆ ವಾಪಸ್ ಬರ್ತಾಳೆ. ನಿಮಗೇನು ಯೋಚನೆ?"

ಅಪ್ಪ ಕಾಫಿ ಲೋಟ ಕೆಳಗಿಟ್ಟು, "ನೀವು ಜವಾಬ್ದಾರಿ ತಗೋತೀನಿ ಅಂದ್ರೆ ನಂದೇನೂ ಅಡ್ಡಿಯಿಲ್ಲಮ್ಮ" ಅಂದರು. ಆ ಸಾಯಂಕಾಲ ನಾನು ನೆಲದ ಮೇಲೆ ನಡೆಯಲಿಲ್ಲ ಅಂದರೂ ಸರಿಯೆ.

ಪುಷ್ಯ ಮಾಸದ ಹೊತ್ತಿಗೆ ಒಂದು ಸುದ್ದಿ ಬಂತು. ಪೇಟೆಯ ಛಾಯಾಚಿತ್ರಕಾರರ ಸಂಘವೊಂದು ಪ್ರದರ್ಶನ ನಡೆಸಲಿತ್ತು. ಪ್ರಕೃತಿಯ ಚಿತ್ರಗಳಿಗೆ ಬೇರೆ ವಿಭಾಗ. ಹನ್ನೆರಡು ಚಿತ್ರಗಳ ಒಂದು ಮಾಲೆ ಕಳಿಸಬೇಕು, ಪ್ರತಿಯೊಂದೂ ಇದ್ದದ್ದು ಇದ್ದ ಹಾಗೆ ತೆಗೆದದ್ದಾಗಿರಬೇಕು. ತೆಗೆಯುವಾಗ ಜೊತೆಗಿದ್ದ ಒಬ್ಬರು ಹಾಗೆಂದು ರುಜು ಹಾಕಿಕೊಡಬೇಕು. ನಮ್ಮ ಹತ್ತಿರ ಹನ್ನೊಂದು ಚಿತ್ರಗಳು ತಯಾರಿದ್ದವು. ಹನ್ನೆರಡನೆಯದಕ್ಕೆ ಮೇಡಂ ವಿಷ್ಣುಕ್ರಾಂತಿಯನ್ನು ಆರಿಸಿದರು.

ನಮ್ಮ ಬೀದಿಯ ಕೊನೆಯ ಖಾಲಿ ಸೈಟಿನಲ್ಲಿ ಅದು ನೆಲಕ್ಕೆ ಅಂಟಿಕೊಂಡು ಬೆಳೆದಿತ್ತು. ಕಡಲೆಬೇಳೆಗಿಂತ ತುಸು ದೊಡ್ಡ ನೀಲಿ ಹೂವು, ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಮುಚ್ಚಿಕೊಳ್ಳುತ್ತದೆ. ಎಲೆಯ ತುಂಬ ರೇಷ್ಮೆಯಂಥ ರೋಮ. ಆ ಹೂವಿಗೆ ಮಿಸರಿ ಜೇನು ಬರುತ್ತಿತ್ತು, ಇರುವೆಯಷ್ಟೇ ಗಾತ್ರದ ಕಪ್ಪು ಜೇನು. ಇಬ್ಬನಿಯ ಜೊತೆಗೆ ಜೇನೂ ಇರುವ ಚಿತ್ರ ಬೇಕು ಅಂದರು ಮೇಡಂ.

ಹದಿಮೂರು ಬೆಳಿಗ್ಗೆ ಆ ಕೆಮ್ಮಣ್ಣಿನ ಮೇಲೆ ಮೊಣಕಾಲೂರಿ ಕಾದೆ. ಇಬ್ಬನಿ ಇರುವಾಗ ಜೇನು ಬರುವುದಿಲ್ಲ, ಅದಕ್ಕೆ ಬಿಸಿಲು ಬೇಕು. ಬಿಸಿಲು ಬಂತೆಂದರೆ ಇಬ್ಬನಿ ಇರುವುದಿಲ್ಲ. ಹಾಲು ಹಾಕಿ ಹೋಗುವ ಗೌಡತಿ, "ಏನವ್ವ, ಮೂಗುತಿ ಕಳಕೊಂಡ್ಯಾ?" ಅಂತ ದಿನವೂ ಕೇಳುತ್ತಿದ್ದಳು. ಮೇಡಂ ಮೊದಲ ಆರು ದಿನ ಜೊತೆಗಿದ್ದರು. ಆಮೇಲೆ ಸ್ಕೂಲಿಗೆ ಹೊತ್ತಾಗುತ್ತದೆ ಅಂತ ಬರಲಿಲ್ಲ. ಪ್ರದರ್ಶನಕ್ಕೆ ಕಳಿಸುವ ದಿನ ಹತ್ತಿರವಾದಂತೆ ಅವರು ನನ್ನ ಜೊತೆ ಮಾತಾಡುವುದೂ ಕಡಿಮೆಯಾಯಿತು.

ಆಗಲೇ ಕೆಂಗೇರಿಯಲ್ಲಿ ಚಿಕ್ಕಮ್ಮನ ಮಗುವಿನ ನಾಮಕರಣ. ಹೋಗದೆ ವಿಧಿಯಿರಲಿಲ್ಲ. ಮನೆಯವರೆಲ್ಲ ಹೋಗಿ ಮೂರು ದಿನ ಇದ್ದು ಬಂದೆವು.

ಬಂದ ದಿನವೇ ಮೇಡಂ ಕರೆದರು. ಮೇಜಿನ ಮೇಲೆ ಇನ್ನೂ ಒದ್ದೆಯಾಗಿದ್ದ ಒಂದು ಚಿತ್ರ. ವಿಷ್ಣುಕ್ರಾಂತಿ ಪೂರ್ತಿ ಅರಳಿತ್ತು, ನೀಲಿ ಬಣ್ಣ ಆ ಕಪ್ಪುಬಿಳುಪಿನಲ್ಲಿ ಹಾಲುಬಿಳುಪಾಗಿತ್ತು. ಎಸಳಿನ ತುದಿಯಲ್ಲಿ ಒಂದು ದೊಡ್ಡ ಹನಿ. ನಡುವೆ ಕೇಸರಕ್ಕೆ ಒರಗಿಕೊಂಡ ಮಿಸರಿ ಜೇನು, ನಿದ್ದೆ ಹೋದಂತೆ.

"ಯಾವತ್ತು ಸಿಕ್ತು ಮೇಡಂ?"

"ನೀನು ಹೋದ ಮಾರನೆ ದಿನಾನೇ."

ಹದಿಮೂರು ದಿನ ನಾನು ಕಾದು ಸಿಗದದ್ದು ನಾನಿಲ್ಲದ ಒಂದು ದಿನ ಸಿಕ್ಕಿತಲ್ಲ ಅಂದುಕೊಂಡೆ. ಅದು ಅಸೂಯೆ ಅಂತ ಆಗಲೇ ಗೊತ್ತಾಗಿ ನಾಚಿಕೆಯಾಯಿತು. ಆ ನಾಚಿಕೆಯಲ್ಲಿ ಚಿತ್ರವನ್ನು ಸರಿಯಾಗಿ ನೋಡಲೇ ಇಲ್ಲ.

ಮೇಡಂ ಸಂಘದ ಕಾಗದ ಮುಂದಿಟ್ಟರು. ಹನ್ನೆರಡು ಚಿತ್ರಗಳಿಗೂ ಜೊತೆಗಿದ್ದವರ ರುಜು ಬೇಕು.

"ಇದಕ್ಕೆ ನಾನಿರಲಿಲ್ವಲ್ಲ ಮೇಡಂ."

"ಹದಿಮೂರು ದಿನ ಕೂತಿದ್ದು ಯಾರು? ನೀನೇ ತಾನೆ? ನಮ್ಮಮ್ಮನ ಕೈಲಿ ಹಾಕಿಸೋಣ ಅಂದ್ರೆ ಅವರಿಗೆ ಕಣ್ಣು ಕಾಣಲ್ಲ. ಹಾಕು, ಪರವಾಗಿಲ್ಲ."

ಹಾಕಿದೆ. ಹನ್ನೆರಡು ಸಲ ಸುಶೀಲ, ಸುಶೀಲ ಅಂತ ನನ್ನ ಹೆಸರು ಬರೆದೆ. ಹನ್ನೊಂದು ನಿಜ.

ಪ್ರದರ್ಶನ ಶಿವರಾತ್ರಿ ಕಳೆದ ವಾರ ನಡೆಯಿತು. ವಿಷ್ಣುಕ್ರಾಂತಿಯ ಚಿತ್ರವನ್ನು ಗೋಡೆಯ ನಡುವೆ, ಊಟದ ತಟ್ಟೆಗಿಂತ ದೊಡ್ಡದಾಗಿ ಹಿಗ್ಗಿಸಿ ಹಾಕಿದ್ದರು. ಕೆಳಗೆ ಮೊದಲ ಬಹುಮಾನದ ಚೀಟಿ. ಜನ ಅದರ ಮುಂದೆ ಗುಂಪುಗೂಡಿದ್ದರು. ಮೇಡಂ ಜರಿಯಂಚಿನ ಸೀರೆಯುಟ್ಟು ಬಂದವರಿಗೆಲ್ಲ ಕಾದ ಕಥೆ ಹೇಳುತ್ತಿದ್ದರು. ಹದಿಮೂರು ದಿನ ಅಂತಲೇ ಹೇಳಿದರು. ಕಾದವಳು ಯಾರು ಅಂತ ಹೇಳಲಿಲ್ಲ.

ಗುಂಪು ಕರಗಿದ ಮೇಲೆ ನಾನು ಹತ್ತಿರ ಹೋಗಿ ನಿಂತೆ. ಆ ಗಿಡವನ್ನು ನನ್ನಷ್ಟು ನೋಡಿದವರು ಆ ಊರಿನಲ್ಲಿ ಬೇರೆ ಯಾರೂ ಇರಲಿಲ್ಲ. ಇಬ್ಬನಿ ಬಿದ್ದರೆ ಎಲೆಯ ಪ್ರತಿ ರೋಮಕ್ಕೂ ಸಾಸಿವೆಯ ಚೂರಿನಂಥ ಹನಿ ಕೂರುತ್ತದೆ. ಇಲ್ಲಿ ಎಲೆಗಳು ಒಣಗಿ ನಿಂತಿದ್ದವು. ಎಸಳಿನ ಮೇಲೆ ಮಾತ್ರ ಒಂದೇ ದಪ್ಪ ಹನಿ. ಜೇನಿನ ಆರೂ ಕಾಲುಗಳು ಹೊಟ್ಟೆಯ ಕೆಳಗೆ ಮುದುಡಿ ಸೇರಿಕೊಂಡಿದ್ದವು. ಕೂತ ಜೇನು ಕಾಲು ಊರಿರುತ್ತದೆ. ಕಾಲು ಹಾಗೆ ಮುದುಡುವುದು ಸತ್ತ ಮೇಲೆ. ಇದನ್ನೆಲ್ಲ ನೋಡುವುದು ಹೇಗೆಂದು ನನಗೆ ಕಲಿಸಿದವರು ಐದು ಮಾರು ದೂರದಲ್ಲಿ ನಿಂತು ನಗುತ್ತಿದ್ದರು.

ಮರುದಿನ ಭಾನುವಾರ, ಅವರ ಮನೆಗೆ ಹೋಗಿ ನೇರ ಕೇಳಿದೆ.

"ಆ ಹನಿ ಇಬ್ಬನಿಯಲ್ಲ ಅಲ್ವಾ ಮೇಡಂ?"

ಅವರು ಬಟ್ಟೆ ಮಡಚುತ್ತಿದ್ದರು, ನಿಲ್ಲಿಸಲಿಲ್ಲ. "ಗ್ಲಿಸರಿನ್ ಕಣೇ. ಬೇಗ ಹರಿದು ಹೋಗಲ್ಲ."

"ಜೇನು?"

"ಕಿಟಕಿ ಹತ್ರ ಸತ್ತು ಬಿದ್ದಿತ್ತು. ನಾನೇನು ಕೊಲ್ಲಲಿಲ್ಲ."

"ಗಿಡ ಕಿತ್ತುಕೊಂಡು ಬಂದ್ರಾ?"

ಆಗ ಸೀರೆಯನ್ನು ಮಂಚದ ಮೇಲಿಟ್ಟು ನನ್ನ ಕಡೆ ತಿರುಗಿದರು. "ಉಳಿದ ಹನ್ನೊಂದು ನಿಜವಾದ್ದೇ ತಾನೆ? ನಿನ್ನೆ ಅಲ್ಲಿ ಇಡೀ ದಿನ ಇದ್ಯಲ್ಲ, ಆ ಹನ್ನೊಂದರ ಮುಂದೆ ಒಬ್ರಾದ್ರೂ ನಿಂತ್ರಾ ಹೇಳು. ನಿನ್ನ ಕೊತ್ತಂಬರಿ ಮುಂದೆ ಯಾರು ನಿಂತ್ರು?"

ಯಾರೂ ನಿಂತಿರಲಿಲ್ಲ.

"ನಾನು ರುಜು ಹಾಕಿದೀನಿ ಮೇಡಂ" ಅಂದೆ ಕೊನೆಗೆ.

ಅವರ ಮುಖ ಸ್ವಲ್ಪ ಮೆತ್ತಗಾಯಿತು. ಹತ್ತಿರ ಬಂದು ನನ್ನ ಜಡೆ ಸರಿ ಮಾಡಿದರು. "ಆಯ್ತು. ನಾಳೆ ಹೋಗಿ ವಾಪಸ್ ತಗೊಂಡು ಬರ್ತೀನಿ. ನೀನು ಯಾರಿಗೂ ಹೇಳಬೇಡ. ನಾನು ಹೇಳೋ ರೀತೀಲಿ ಹೇಳ್ತೀನಿ."

ನಂಬಿದೆ. ನಂಬದೆ ಇರುವುದು ಹೇಗೆಂದು ಗೊತ್ತಿರಲಿಲ್ಲ. ಸೋಮವಾರ ಹೋಯಿತು, ಮಂಗಳವಾರ ಹೋಯಿತು. ಬೀದಿಯಲ್ಲಿ ಎದುರಾದರೆ ಮೇಡಂ ಅವಸರದಲ್ಲಿರುತ್ತಿದ್ದರು.

ಗುರುವಾರ ಸಾಯಂಕಾಲ ಅಪ್ಪ ಕೆಲಸದಿಂದ ಬಂದು ಕಾಲು ತೊಳೆಯುತ್ತಿದ್ದಾಗ ಮೇಡಂ ನಮ್ಮ ಮನೆಗೆ ಬಂದರು. ಜೊತೆಯಲ್ಲಿ ಕೋಟು, ರುಮಾಲಿನ ವಯಸ್ಸಾದ ಒಬ್ಬರು. ಸಂಘದ ಕಾರ್ಯದರ್ಶಿ ವೆಂಕೋಬ ರಾಯರು. ಪ್ರದರ್ಶನ ನೋಡಿದ ನಿವೃತ್ತ ಕೃಷಿ ಅಧಿಕಾರಿಯೊಬ್ಬರು ಜೇನು ಸತ್ತದ್ದೆಂದು ಸಂಘಕ್ಕೆ ಕಾಗದ ಬರೆದಿದ್ದರಂತೆ. ಅದನ್ನು ವಿಚಾರಿಸಲು ರಾಯರು ಬಂದಿದ್ದರು.

ಅಪ್ಪ ಕುರ್ಚಿ ಹಾಕಿದರು. ಮೇಡಂ ಕೂರಲಿಲ್ಲ. ಅಪ್ಪನನ್ನೇ ನೋಡುತ್ತ, ಬಹಳ ಮೃದುವಾಗಿ ಹೇಳಿದರು. "ನೀವು ಅವಳನ್ನ ಬೈಬಾರದು. ವಯಸ್ಸು ಚಿಕ್ಕದು, ಉತ್ಸಾಹ ಜಾಸ್ತಿ. ನಾನು ಬರೋಕೆ ಮುಂಚೆ ಹೋಗಿ ಹೂವಿನ ಮೇಲೆ ಏನೋ ಹಾಕಿ, ಜೇನು ಇಟ್ಟುಬಿಟ್ಟಿದಾಳೆ. ನಾನೂ ಗಮನಿಸ್ದೆ ತೆಗೆದುಬಿಟ್ಟೆ. ನನ್ನದೂ ತಪ್ಪೇ."

ಆ ಮಾತು ನನ್ನ ಬಗ್ಗೆ ಅಂತ ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಅಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ನಾನು ಅವತ್ತು ಇಲ್ಲಿರಲೇ ಇಲ್ಲ" ಅಂದೆ. "ಕೆಂಗೇರಿಯಲ್ಲಿದ್ದೆ. ಅಪ್ಪನ್ನ ಕೇಳಿ."

"ಹೌದು, ಕೆಂಗೇರಿಯಲ್ಲಿದ್ಳು" ಅಂದರು ಅಪ್ಪ.

ರಾಯರು ಕೋಟಿನ ಜೇಬಿನಿಂದ ಸಂಘದ ಕಾಗದ ತೆಗೆದು, ಕನ್ನಡಕ ಹಾಕಿಕೊಂಡು ಓದಿದರು. ಆಮೇಲೆ ನನ್ನ ಕಡೆ ತಿರುಗಿಸಿ ಹಿಡಿದರು. "ಇದು ನಿಮ್ಮ ರುಜುನೇ ತಾನೇ ತಾಯಿ? ಚಿತ್ರ ತೆಗೆಯೋವಾಗ ಜೊತೆಗಿದ್ದೆ ಅಂತ ಬರೆದಿದೆ. ಇದ್ದಿರಿ ಅಂದ್ರೆ ಜೇನು ಇಟ್ಟೋರು ಯಾರು ಅಂತ ಕೇಳಬೇಕಾಗತ್ತೆ. ಇರಲಿಲ್ಲ ಅಂದ್ರೆ ಈ ರುಜು ಸುಳ್ಳು. ಯಾವುದು?"

ಮೇಡಂ ಕಡೆ ನೋಡಿದೆ. ಒಂದು ಮಾತು, ನಾನೇ ಹಾಕಿಸಿದೆ ಅನ್ನುವ ಒಂದು ಮಾತು ಆಡುತ್ತಾರೆ ಅಂತ ಕಾದೆ. ಅವರು ಗೋಡೆಯ ಕ್ಯಾಲೆಂಡರು ನೋಡುತ್ತಿದ್ದರು.

"ರುಜು ಸುಳ್ಳು ಸಾರ್" ಅಂದೆ. "ಆ ಒಂದು ಮಾತ್ರ. ಉಳಿದ ಹನ್ನೊಂದಕ್ಕೂ ಇದ್ದೆ. ಅದರಲ್ಲಿ ಏಳು ನಾನೇ ತೆಗೆದದ್ದು."

ರಾಯರು ಕಾಗದ ಮಡಚಿದರು. "ಒಂದು ಸುಳ್ಳು ಅಂತ ನೀವೇ ಒಪ್ಪಿದ ಮೇಲೆ ಉಳಿದ ಹನ್ನೊಂದನ್ನ ನಾನು ಯಾವ ಆಧಾರದ ಮೇಲೆ ನಂಬಲಿ?" ಅಂದರು. ದನಿಯಲ್ಲಿ ಕೋಪವಿರಲಿಲ್ಲ. ಅದೇ ಹೆಚ್ಚು ನೋಯಿಸಿತು.

ಹನ್ನೆರಡನ್ನೂ ಗೋಡೆಯಿಂದ ಇಳಿಸಿದರು. ಮೇಡಂ ಮರ್ಯಾದೆ ಕಾಪಾಡಲು ಸಂಘದವರು ನಯವಾಗಿಯೇ ಪ್ರಕಟಣೆ ಹಾಕಿದರು. ಸಹಾಯಕಿಯ ದೃಢೀಕರಣ ಸರಿಯಾಗಿಲ್ಲದ ಕಾರಣ ಮಾಲೆಯನ್ನು ಹಿಂತೆಗೆದುಕೊಳ್ಳಲಾಗಿದೆ ಅಂತ. ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಬೀದಿಗೆ ಅಷ್ಟು ಸಾಕಾಯಿತು. ಗುಮಾಸ್ತರ ಮಗಳು ಟೀಚರಿಗೆ ಮೋಸ ಮಾಡಿದಳಂತೆ ಅನ್ನುವ ಮಾತು ನಲ್ಲಿಯ ಹತ್ತಿರ ಕೊಡ ಇಡುವ ಸಾಲಿನಲ್ಲಿ ನನ್ನ ಹಿಂದೆಯೇ ಕೇಳಿಸಿತು. ಮೇಡಂ ಮಾತ್ರ ಎಂದಿನಂತೆ ಛತ್ರಿ ಹಿಡಿದು ಏಳೂವರೆಯ ಬಸ್ಸಿಗೆ ಹೋಗುತ್ತಿದ್ದರು.

ಅಪ್ಪ ಬೈಯಲಿಲ್ಲ. ಒಂದು ವಾರ ಕಳೆದ ಮೇಲೆ, ಊಟಕ್ಕೆ ಕೂತಾಗ ಹೇಳಿದರು. "ನೀನು ಏನೂ ಇಟ್ಟಿಲ್ಲ ಅಂತ ನಂಗೊತ್ತು. ಆದ್ರೆ ಇಲ್ಲದ ಜಾಗದಲ್ಲಿ ಇದ್ದೆ ಅಂತ ಬರೆದುಕೊಟ್ಟೆಯಲ್ಲ, ಅದನ್ನ ಏನಂತ ಹೇಳಲಿ? ಕಾಲೇಜಿಗೆ ಯಾರ ಜವಾಬ್ದಾರಿ ಮೇಲೆ ಕಳಿಸಲಿ?" ಜವಾಬ್ದಾರಿ ಹೊತ್ತಿದ್ದವರು ಮೂರು ಮನೆ ಆಚೆ ಇದ್ದರು. ಜೂನ್ ಬಂತು, ಅರ್ಜಿ ಹಾಕುವ ದಿನವೂ ಹೋಯಿತು. ಬಿ.ಎಸ್ಸಿ. ವಿಷಯ ಮತ್ತೆ ಯಾರೂ ಎತ್ತಲಿಲ್ಲ.

ಒಮ್ಮೆ ಮಾತ್ರ ಧೈರ್ಯ ಮಾಡಿ ಅವರ ಬಾಗಿಲಿಗೆ ಹೋದೆ. ನಾನು ತೆಗೆದ ಏಳು ಚಿತ್ರಗಳ ಗಾಜಿನ ತಟ್ಟೆಗಳನ್ನಾದರೂ ಕೊಡಿ ಅಂತ ಕೇಳೋಣ ಅಂತ. ಬಾಗಿಲು ತೆಗೆದವರು ನನ್ನನ್ನು ಒಳಗೆ ಕರೆಯಲಿಲ್ಲ.

"ತೊಳೆದುಬಿಟ್ಟೆ" ಅಂದರು. "ಗಾಜು ಸುಮ್ಮನೆ ಯಾಕೆ ಹಾಳು ಮಾಡೋದು ಅಂತ. ಫೋಟೋಗಳಿಗೆ ಕಟ್ಟು ಹಾಕಿಸೋಕೆ ಕೊಟ್ಟೆ."

ಬಿಸಿನೀರಿನಲ್ಲಿ ನೆನೆಸಿ ಉಜ್ಜಿದರೆ ಗಾಜಿನ ಮೇಲಿನ ಚಿತ್ರ ಕೆನೆಯ ಹಾಗೆ ಎದ್ದು ಬರುತ್ತದೆ. ಅವರೇ ಹೇಳಿಕೊಟ್ಟಿದ್ದರು. ನನ್ನ ಕೊತ್ತಂಬರಿ, ತುಂಬೆ, ಕಾಮಕಸ್ತೂರಿ ಎಲ್ಲ ಹಾಗೆ ಎದ್ದು ಬಚ್ಚಲಿನ ಮೋರಿಯಲ್ಲಿ ಹೋದವು. ಗ್ಲಿಸರಿನ್ನಿಗಿಂತ, ಅಪ್ಪನ ಮುಂದೆ ಆಡಿದ ಮಾತಿಗಿಂತ, ಆ ದಿನ ನನಗೆ ಆದದ್ದು ದೊಡ್ಡ ಪೆಟ್ಟು. ಸುಳ್ಳನ್ನು ಭಯದಿಂದ ಹೇಳಿರಬಹುದು ಅಂತ ಅಲ್ಲಿಯ ತನಕ ಅಂದುಕೊಂಡಿದ್ದೆ. ಗಾಜು ತೊಳೆಯಲು ಯಾವ ಭಯ ಬೇಕಿತ್ತು?

ಮುಂದಿನ ವರ್ಷ ನನ್ನ ಮದುವೆಯಾಯಿತು. ಮಕ್ಕಳಾದ ಮೇಲೆ ಟೀಚರ್ ತರಬೇತಿ ಮಾಡಿಕೊಂಡು, ವಿಜಯನಗರದ ಒಂದು ಪ್ರೈಮರಿ ಸ್ಕೂಲಿನಲ್ಲಿ ನಿವೃತ್ತಿಯಾಗುವ ತನಕ ಕೆಲಸ ಮಾಡಿದೆ. ಕ್ಯಾಮೆರಾ ಮುಟ್ಟಲಿಲ್ಲ. ಮೇಡಂ ರಾಜಾಜಿನಗರದ ಮನೆ ಬಿಟ್ಟು ಮಲ್ಲೇಶ್ವರಕ್ಕೆ ಹೋದರೆಂದು, ಹೆಡ್‌ಮಿಸ್ಟ್ರೆಸ್ ಆದರೆಂದು ಯಾರೋ ಹೇಳಿದರು.

ಹದಿನೈದು ವರ್ಷ ಕಳೆದ ಮೇಲೆ ಒಂದು ಮದುವೆಯ ಛತ್ರದಲ್ಲಿ ಅವರು ಸಿಕ್ಕರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿದವರೇ ಎರಡೂ ಕೈ ಚಾಚಿ ಹತ್ತಿರ ಕರೆದರು. ಹೋಗಬಾರದು ಅಂದುಕೊಂಡೇ ಹೋದೆ. ನನ್ನ ಕೆನ್ನೆ ಸವರಿ, ಪಕ್ಕದಲ್ಲಿ ಕೂತಿದ್ದ ಹೆಂಗಸಿಗೆ ಹೇಳಿದರು.

"ಇವಳು ನಮ್ಮ ಸುಶೀಲ. ಹೇಳ್ತಿದ್ದೆನಲ್ಲ, ಆ ಜೇನಿನ ಫೋಟೋ ಹುಡುಗಿ. ಪಾಪ, ಏನೋ ಆಸೆಗೆ ಬಿದ್ದು ಮಾಡಿದಳು. ನಾನು ಆವತ್ತೇ ಕ್ಷಮಿಸಿಬಿಟ್ಟೆ."

ಅವರ ಕಣ್ಣನ್ನು ನೋಡಿದೆ. ಚಿಕ್ಕ ವಸ್ತುವನ್ನು ನೋಡುವುದು ನನಗೆ ಗೊತ್ತಿತ್ತು. ಅಲ್ಲಿ ಅಂಜಿಕೆಯಾಗಲಿ, ಸುಳ್ಳು ಹೇಳುವವರ ಅವಸರವಾಗಲಿ ಇರಲಿಲ್ಲ. ಅವರು ಅದನ್ನು ನಂಬಿದ್ದರು.

"ನಾನಲ್ಲ ಮೇಡಂ ಮಾಡಿದ್ದು" ಅಂದೆ. ದನಿ ಹತ್ತೊಂಬತ್ತರ ಹುಡುಗಿಯದಾಗಿತ್ತು.

"ಆಯ್ತು ಬಿಡು ಮಗು" ಅಂದು ಮೇಡಂ ನಕ್ಕರು.

ಪಕ್ಕದ ಹೆಂಗಸು ಒಳ್ಳೆಯವಳು. ನನ್ನ ಕೈಯನ್ನು ತನ್ನ ಎರಡೂ ಕೈಗಳ ನಡುವೆ ಹಿಡಿದುಕೊಂಡು, "ಚಿಕ್ಕ ವಯಸ್ಸಲ್ಲಿ ಎಲ್ರೂ ಏನಾದ್ರೂ ಮಾಡ್ತಾರೆ ಬಿಡಮ್ಮ, ಅದನ್ನೇ ಮನಸ್ಸಲ್ಲಿ ಇಟ್ಕೋಬಾರದು" ಅಂದಳು. ಅವಳ ಕೈ ಬೆಚ್ಚಗಿತ್ತು. ನಾನು ಬಿಡಿಸಿಕೊಳ್ಳಲಿಲ್ಲ.